ತಟ್ಟೆಯಲ್ಲಿ ಕಡಿಮೆಯಾದ ಪುಡಿ

ಜನವರಿ 8, 2004

ಬೆಳಿಗ್ಗೆ ಬೇಗ ಅಂಗಡಿ ತೆಗೆದೆ. ಒಣಗಾಳಿ. ಅರ ಹಾಕಿದಾಗ ಉದುರಿದ ಚಿನ್ನದ ಪುಡಿ ಹಾರದಿರಲೆಂದು ಮೊನ್ನೆ ಕೊಪ್ಪದ ಪೇಟೆಯಲ್ಲೇ ಕೊಂಡ ಹಳದಿ ಪ್ಲಾಸ್ಟಿಕ್ ಮುಚ್ಚಳದ ಮೇಲ್ಭಾಗವನ್ನು ಮಫ್ಲರಿನಿಂದ ಚೆನ್ನಾಗಿ ಉಜ್ಜಿ ತಟ್ಟೆಗೆ ಮುಚ್ಚಿದೆ. ಸಂಜೆ ತೂಗಿದರೆ ಪುಡಿ ಕಡಿಮೆ. ನಿನ್ನೆಯೂ ಹಾಗೇ. ಒಳಗೆ ಬರುವುದು ನಾನು, ಗುಡಿಸುವ ಯಲ್ಲಕ್ಕ... ಇಬ್ಬರೇ.

ಜನವರಿ 10

ಇಂದೂ ಕಡಿಮೆ. ಉಂಗುರ ಮಾಡಿಸಲು ಹೂವಪ್ಪ ಬಂದು ಕೂತಿದ್ದ. ಅವನ ಎದುರೇ ಹೇಳಿಬಿಟ್ಟೆ—"ಯಲ್ಲಕ್ಕಾ, ಸೆರಗು ಕೊಡವು."

"ನಾ ಕದಿಯೋಳಾ, ಆಚಾರ್ರೇ?"

ಕೊಡವಿದಳು. ಏನೂ ಬೀಳಲಿಲ್ಲ. ಆದರೂ ನಾಳೆಯಿಂದ ಬರಬೇಡ ಎಂದೆ.

ಜನವರಿ 24

ಅಂಗಡಿಯಲ್ಲಿ ನಾನೊಬ್ಬನೇ. ಆದರೂ ಪುಡಿ ಕಡಿಮೆಯಾಗುತ್ತಲೇ ಇದೆ! ಮಧ್ಯಾಹ್ನ ಬುತ್ತಿ ತಂದ ಮಗಳು ಗಗನಾ ಮುಚ್ಚಳವನ್ನು ಬೆಳಕಿಗೆ ಹಿಡಿದಳು.

"ಅಪ್ಪಾ, ಪುಡಿಯೆಲ್ಲ ಒಳಗಡೆ ಅಂಟ್ಕೊಂಡಿದೆ ನೋಡು."

ಊದಿದೆ. ಬೀಳಲಿಲ್ಲ.

"ಉಜ್ಜಿದ್ರೆ ಪ್ಲಾಸ್ಟಿಕ್ಕಿಗೆ ಚಾರ್ಜ್ ಬರುತ್ತೆ. ಚಿನ್ನಕ್ಕೆ ಚಾರ್ಜ್ ಇರಲ್ಲ. ಆದ್ರೂ ಚಿನ್ನದೊಳಗಿನ ಚಾರ್ಜೇ ಸರಿದು, ವಿರುದ್ಧದ್ದು ಮುಚ್ಚಳದ ಕಡೆ ಬರುತ್ತೆ. ಅದಕ್ಕೇ ಎಳ್ಕೊಳ್ಳೋದು. ಪಿಯುಸಿ ಪಾಠದಲ್ಲೇ ಇದೆ."

ಬ್ರಷ್‌ನಿಂದ ಕೆರೆದು ತೂಗಿದೆ. ಸರಿಹೋಯಿತು. ಉಜ್ಜಿದವನು ನಾನೇ.

ಜನವರಿ 25

ಯಲ್ಲಕ್ಕನ ಊರು ಹರಿಹರಪುರಕ್ಕೆ ಹೋದೆ. ಅವಳು ಕದ್ದಳೆಂದು ಹೂವಪ್ಪ ಈ ಊರಿನ ಬಸ್ಸಿನಲ್ಲಿ ಎಲ್ಲರಿಗೂ ಹೇಳಿದ್ದಾನಂತೆ. ಯಲ್ಲಕ್ಕ ಪಾತ್ರೆ ತೊಳೆಯುತ್ತಿದ್ದ ಮನೆಯವರೂ ಬೇಡವೆಂದರಂತೆ. ತಪ್ಪಾಯಿತು, ಕೆಲಸಕ್ಕೆ ಬಾ ಎಂದೆ.

"ಇಲ್ಲಿ ಹೇಳಿದ್ರೆ ಯಾರಿಗೆ ಕೇಳ್ತದೆ, ಆಚಾರ್ರೇ? ಹೂವಪ್ಪನವರ ಎದುರು ಹೇಳಿ. ಕೆಲಸ ಆಮೇಲೆ."

ಫೆಬ್ರವರಿ 2

ಉಂಗುರ ಒಯ್ಯಲು ಹೂವಪ್ಪ ಬಂದ. ಹೇಳಿಕಳಿಸಿದ್ದೆ—ಯಲ್ಲಕ್ಕನೂ ಬಂದು ಮೆಟ್ಟಿಲ ಬಳಿ ನಿಂತಳು.

"ಇವಳು ಕದ್ದಿಲ್ಲ. ಪುಡಿ ಮುಚ್ಚಳಕ್ಕೆ ಅಂಟಿತ್ತು. ತಪ್ಪು ನನ್ನದು" ಎಂದೆ.

ಹೂವಪ್ಪ ನಕ್ಕ. "ಚಿನ್ನ ಪ್ಲಾಸ್ಟಿಕ್ಕಿಗೆ ಅಂಟೋದಾ! ಪಾಪ ಅಂತ ಬಿಟ್ರಿ ಅನ್ನಿ. ನಿಮ್ದು ದೊಡ್ಡ ಮನಸ್ಸು, ಮಾರಾಯ್ರೆ."

ಯಲ್ಲಕ್ಕ ಮೆಟ್ಟಿಲಿಳಿದು ಹೋದಳು. ಅಂಗಡಿ ಅವನಿಗೇ ಬಿಟ್ಟು ಹಿಂದೆ ಓಡಿದೆ. ಅವಳು ಹತ್ತಿ ಕೂತ ಹರಿಹರಪುರದ ಬಸ್ಸು ತುಂಬಿತ್ತು. ಹತ್ತಿದೆ. ಕಂಬಿ ಹಿಡಿದು ಗಟ್ಟಿಯಾಗಿ ಹೇಳಿದೆ—ಯಲ್ಲಕ್ಕ ಕದ್ದಿಲ್ಲ, ಸುಳ್ಳು ಅಪವಾದ ಹೊರಿಸಿದವನು ನಾನು. ಹಿಂದಿನ ಸೀಟಿನಲ್ಲಿ ಯಾರೋ "ಏನಂತೆ?" ಎಂದರು. ಯಲ್ಲಕ್ಕ ಕಿಟಕಿಯಿಂದ ನನ್ನತ್ತ ಮುಖ ತಿರುಗಿಸಿದಳು.

"ಅವರಿಗೆ ಕೇಳ್ಲಿಲ್ಲ, ಆಚಾರ್ರೇ. ಇನ್ನೊಂದ್ ಸಲ ಹೇಳಿ."

ಕಂಬಿ ಬಿಟ್ಟು ಹಿಂದಿನ ಸೀಟಿನ ತನಕ ಹೋಗಿ, ಮೊದಲಿನಿಂದ ಹೇಳಿದೆ.