ಪಟ್ಟಿಯಲ್ಲಿಲ್ಲದ ನಾಲ್ಕನೆಯ ಕಾರಣ

ಕೊಪ್ಪಳದ ಗುಡ್ಡ,
೨೨೯೧ನೆಯ ಇಸವಿ, ಹದಿಮೂರನೆಯ ತಿಂಗಳ ಎರಡನೆಯ ದಿನ

ಹಿಂದಿನ ಕಾಲದವರೇ,

ನಿಮಗೆ ಹದಿಮೂರನೆಯ ತಿಂಗಳು ಇರಲಿಲ್ಲವೆಂದು ಬಲ್ಲೆ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ಇದನ್ನು ಸೇರಿಸಿಕೊಂಡೆವು. ನನ್ನ ಕೆಲವು ಮಾತು ಪರಕೀಯ ಅನ್ನಿಸಿದರೆ ಮನ್ನಿಸಿ.

ಇಲ್ಲಿ ಏನೇ ಕೆಟ್ಟರೂ ದೂರು ತೂಗುಮನೆಗೆ ಹೋಗುತ್ತದೆ. ಅಲ್ಲಿ ಕಾರಣಗಳ ಪಟ್ಟಿ ಮಾಡಿ, ಇದೇ ನಡೆದಿದ್ದರೆ ನಾವು ಕಂಡದ್ದು ಕಾಣಿಸುವ ಸಾಧ್ಯತೆ ಎಷ್ಟು ಎಂದು ಒಂದೊಂದಕ್ಕೂ ಲೆಕ್ಕ ಹಾಕುತ್ತಾರೆ. ಬಂದ ಅಂಕಿಗೆ ಒಪ್ಪುಬೆಲೆ ಎನ್ನುತ್ತೇವೆ; ನೀವು ಲೈಕ್ಲಿಹುಡ್ ಎನ್ನುತ್ತಿದ್ದಿರಂತೆ. ಹೆಚ್ಚು ಒಪ್ಪುಬೆಲೆಯ ಕಾರಣವನ್ನು ಅಂಗಳದಲ್ಲಿ ಗಟ್ಟಿಯಾಗಿ ಓದುತ್ತಾರೆ. ಓದಿದ ಮೇಲೆ ಅದೇ ನಿಜ.

ನನ್ನ ಅಕ್ಕ ಅಂಬವ್ವ ಇಪ್ಪತ್ತೆರಡು ವರ್ಷದಿಂದ ಊರಿನ ಬೀಜದ ಕೋಣೆ ಕಾಯುತ್ತಾಳೆ. ದಿನಾ ಬೆಳಿಗ್ಗೆ ಒಂದು ಹಿಡಿ ಜೋಳ ಅಂಗೈಯಲ್ಲಿ ಉಜ್ಜಿ, ಅದರ ಸಪ್ಪಳದಿಂದಲೇ ತೇವ ಹೇಳುವವಳು. ಹೋದ ತಿಂಗಳು ಏಳು ಹೊಸ ಪೆಟ್ಟಿಗೆಗಳ ಬೀಜ ಒಳಗೇ ಮೊಳೆತುಬಿಟ್ಟಿತು. ಪಟ್ಟಿಯಲ್ಲಿ ಮೂರು ಕಾರಣಗಳಿದ್ದವು: ಅಕ್ಕ ಮುಚ್ಚಳ ತೆರೆದಿಟ್ಟಳು, ಚಾವಣಿ ಸೋರಿತು, ಯಾರೋ ನುಗ್ಗಿ ನೀರು ಸುರಿದರು. ಚಾವಣಿ ಒಣಗಿತ್ತು, ಬೀಗ ಮುರಿದಿರಲಿಲ್ಲ. ಮೊದಲನೆಯದರ ಒಪ್ಪುಬೆಲೆ ಉಳಿದೆರಡಕ್ಕಿಂತ ನಲವತ್ತು ಪಟ್ಟು ಹೆಚ್ಚು ಬಂತು. ತಪ್ಪು ಅವಳದೇ ಎನ್ನಲು ನಲವತ್ತು ಪಾಲು ಖಾತ್ರಿ ಎಂದು ಜನ ತಿಳಿದರು.

ಅಕ್ಕ ಸುಮ್ಮನಿರಲಿಲ್ಲ. “ಮೂರೂ ಸುಳ್ಳಿದ್ರ? ಮೂರು ಕತ್ತೆ ಓಡಿಸಿ, ಮುಂದ ಬಂದದ್ದಕ್ಕ ಕುದುರಿ ಅಂತೀರೇನು?”

ತೂಗುಮನೆಯ ಹಿರಿಯ ಬಸವಂತಪ್ಪ ನಕ್ಕ. “ಪಟ್ಟಿಯೊಳಗ ಇಲ್ಲದ್ದು ನಡದಿರಂಗಿಲ್ಲ ಬಿಡು, ಅಂಬಕ್ಕಾ.”

ಆ ಪಟ್ಟಿಯನ್ನು ಶುದ್ಧಪ್ರತಿ ಮಾಡಿದವಳು ನಾನು. ಅದು ನನ್ನ ಉದ್ಯೋಗ. ಕರಡಿನಲ್ಲಿ ಮೂರನೆಯ ಸಾಲಿನ ಕೆಳಗೆ ಏನನ್ನೋ ಕೆರೆದು ಅಳಿಸಿದ ಗುರುತಿತ್ತು; ಅದೇನೆಂದು ನಾನು ಕೇಳಲಿಲ್ಲ. ಆ ಹೊಸ ಪೆಟ್ಟಿಗೆಗಳನ್ನು ಮಾಡಿಸಿದ್ದು ತೂಗುಮನೆಯೇ. ಅವುಗಳ ತಳ ಬೆವರುತ್ತದೆಂದು ಅಕ್ಕ ಎರಡು ಸಲ ದೂರಿದ್ದಳು. ಈಗ ನನಗೆ ಯಾವ ಪಟ್ಟಿಯ ಮೇಲೂ ನಂಬಿಕೆಯಿಲ್ಲ, ನಾನೇ ಬರೆದದ್ದರ ಮೇಲಂತೂ ಇಲ್ಲವೇ ಇಲ್ಲ.

ನಾಳೆ ಅವಳಿಂದ ಕೀಲಿ ಕಸಿಯುತ್ತಾರೆ. ನಾನು ಎದ್ದು ನಿಂತು ನಾಲ್ಕನೆಯ ಕಾರಣ ಓದುತ್ತೇನೆ: ಪೆಟ್ಟಿಗೆಗಳ ತಳ ಬೆವರಿತು. ಹಾಗೆ ಓದುವ ಪದ್ಧತಿಯಿಲ್ಲ ಎಂದು ನನ್ನನ್ನು ಕೂರಿಸುತ್ತಾರೆ, ಗೊತ್ತು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಈ ಲೆಕ್ಕ ನಿಮ್ಮ ಕೈಯಲ್ಲಿನ್ನೂ ಎಳೆಯದು. ಅಂಕಿಯ ಪಕ್ಕದಲ್ಲಿ ಪಟ್ಟಿ ಮಾಡಿದವರ ಹೆಸರು ಬರೆಯುವ ಪದ್ಧತಿಯನ್ನು ಈಗಲೇ ಹಾಕಿಡಿ. ಅದು ನಮ್ಮವರೆಗೆ ಉಳಿದು ಬಂದರೆ, ಪಟ್ಟಿ ಮಾಡಿದವರೇ ಪೆಟ್ಟಿಗೆ ಮಾಡಿಸಿದವರೆಂದು ಕಂಡು ನಾಳೆ ಬೆಳಿಗ್ಗೆ ಅಂಗಳದಲ್ಲಿ ಒಬ್ಬರಾದರೂ ನನಗಿಂತ ಮೊದಲು ಎದ್ದು ನಿಂತಾರು.

ನೀಲಗಂಗಾ