ಅಪ್ಪನ ಕೊನೆಯ ಹಾಳೆ

ಕನಜಾವಾ
ಅಕ್ಟೋಬರ್ 19

ಪ್ರೀತಿಯ ಅಮ್ಮ,

ಮೂರು ಸಲ ಬರೆದು ಹರಿದೆ, ಇದು ನಾಲ್ಕನೆಯದು. ಮೊನ್ನೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆಯ ಮೇಲಿಟ್ಟ ಮಿಸೊ ಸಾರು ಇವತ್ತೂ ಉಕ್ಕಿಹೋಯಿತು.

ಅಪ್ಪ ಕೈಯಾರೆ ಮಾಡಿದ ಕಾಗದದಲ್ಲಿ ಉಳಿದಿದ್ದು ಒಂದೇ ಹಾಳೆ. ಅದರ ಮೇಲೆ ನೀನು ಹಾಯ್ಕು ಬರೆದು, ‘ಪಕ್ಕದಲ್ಲಿ ಚಿತ್ರ ನೀನೇ ಬಿಡಿಸು, ನವೆಂಬರ್ ಪ್ರದರ್ಶನದಲ್ಲಿ ಇಡೋಣ’ ಎಂದು ಕಳಿಸಿದೆ.

ಮಳೆ ನಿಂತಿತು
ಅವರ ಕೊಡೆ ಇನ್ನೂ
ಬಾಗಿಲ ಬಳಿ

ಓದಿ ಅತ್ತೆ. ಆಮೇಲೆ ಪೆದ್ದಿಯ ಹಾಗೆ ಹಳೆಯ ಪೇಪರಿನ ಮೇಲೆಲ್ಲ ಕೊಡೆಯನ್ನೇ ಬಿಡಿಸುತ್ತಾ ಕೂತೆ. ನನಗೆ ಚಿತ್ರ ಕಲಿಸುವ ಕುರಮೋಚಿ ಮೇಷ್ಟ್ರು ನೋಡಿ, ‘ಪದ್ಯದಲ್ಲೇ ಕೊಡೆ ಇದೆಯಲ್ಲಮ್ಮ, ಚಿತ್ರದಲ್ಲೂ ಯಾಕೆ? ಓದೋರೇನು ಕುರುಡರಾ?’ ಅಂದರು. ಸರಿ, ಅಪ್ಪನಿಗೆ ಇಷ್ಟವಾದ ಕಾಕಿ ಹಣ್ಣಿನ ಕೊಂಬೆ ಬಿಡಿಸೋಣವೆಂದುಕೊಂಡೆ.

ಮೊನ್ನೆ ಬೆಳಿಗ್ಗೆ ಮಸಿ ತೇಯ್ದು ಕೂತೆ. ಹಣ್ಣು ಒಂದೇ ಸಲಕ್ಕೆ ಬಂತು. ಕೊಂಬೆ ಎಳೆಯುವಾಗ ಕುಂಚ ಒಣಗಿ ಗೀಟು ನಡುವೆ ಕಡಿದುಹೋಯಿತು. ಹಾಗೇ ಬಿಟ್ಟಿದ್ದರೆ ಅದೇ ಚೆಂದವಿತ್ತು. ಕೈ ಕೇಳಲಿಲ್ಲ, ಮೇಲೆ ಇನ್ನೊಮ್ಮೆ ಎಳೆದು ಕೂಡಿಸಿಬಿಟ್ಟೆ. ಚಿಕ್ಕವಳಿದ್ದಾಗ ಅಕ್ಷರ ತಿದ್ದಿದರೆ ನೀನು ನನ್ನ ಕೈಗೆ ಹೊಡೆಯುತ್ತಿದ್ದೆ. ‘ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಗೀಟೂ ಹಾಗೇ ಕಣೇ, ಎಳೆದ ಮೇಲೆ ಮುಟ್ಟಬಾರದು’ ಅನ್ನುತ್ತಿದ್ದೆ.

ಯಾರಿಗೂ ಕಾಣದು ಅಂದುಕೊಂಡಿದ್ದೆ. ಮೇಷ್ಟ್ರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿದ್ದಿದ ಕಡೆ ಮಸಿ ಎರಡು ಪದರವಾಗಿ ಕಾಣಿಸಿತು. ‘ತೇಪೆ ಹಾಕಿದ್ದೀರಲ್ಲಮ್ಮ, ಇದನ್ನ ಗೋಡೆಗೆ ಹಾಕೋಕಾಗಲ್ಲ’ ಅಂದರು. ಅಪ್ಪನ ಹಾಳೆಯನ್ನು ಕೆಡಿಸಿದೆ, ಅಮ್ಮ. ನಾಚಿಕೆಯಾಗುತ್ತಿದೆ. ಬೈದುಬಿಡು.

ನಿನ್ನೆ ತಾದಾಶಿ ಅಣ್ಣ ಫೋನ್ ಮಾಡಿದ್ದ. ‘ಅಮ್ಮ ಊಟದ ಕಡ್ಡಿ ಬಿಟ್ಟು ಚಮಚದಲ್ಲಿ ಅನ್ನ ತಿಂತಾಳೆ, ಚಿಕ್ಕ ಮಗು ಥರ’ ಎಂದು ನಕ್ಕ. ನಾನು ನಗಲಿಲ್ಲ.

ನಿನ್ನ
ಕಯೋ

ಸಹಿ ಹಾಕಿದ ಮೇಲೆ: ಬರೆಯಲು ಹೆದರಿ ಒಂದು ಮಾತು ಬಿಟ್ಟಿದ್ದೆ. ಬೆಳಕಿಗೆ ಹಿಡಿದಾಗ ನಿನ್ನ ಪದ್ಯದಲ್ಲೂ ಮೂರು ಕಡೆ ಮಸಿ ಎರಡು ಪದರ ಇತ್ತು. ‘ಕೊಡೆ’ ಎಂಬಲ್ಲಿ ಗೀಟು ನಡುಗಿದೆ, ಅದರ ಮೇಲೆ ನೀನು ಮತ್ತೆ ಎಳೆದಿದ್ದೀಯ. ಮೇಷ್ಟ್ರು ಅದನ್ನೂ ನೋಡಿ ಹಾಳೆಯನ್ನು ಮೆಲ್ಲಗೆ ಕೆಳಗಿಟ್ಟರು. ಬುಧವಾರ ಬೆಳಗಿನ ರೈಲಿಗೆ ಬರುತ್ತಿದ್ದೇನೆ. ‘ಏನೂ ಆಗಿಲ್ಲ ಕಣೇ’ ಅನ್ನಬೇಡ. ಬಾಗಿಲಲ್ಲೇ ನಿನ್ನ ಬಲಗೈ ತೋರಿಸು.