ವಾಜಾನ ಹೆಸರಿನ ಬಟ್ಟಲು

ಮೇ 4, ಶನಿವಾರ

ಉಗುಳುವ ಬಕೆಟ್ಟು ಮತ್ತೆ ನನ್ನ ಪಾಲಿಗೇ ಬಂತು. ಬೂದಿ ಹಾಕಿ ಉಜ್ಜಿದೆ, ಬಿಸಿನೀರು ಸುರಿದೆ. ವಾಸನೆ ಹೋಗಲಿಲ್ಲ. ಒಂದು ಬಸ್ಸು ಜನ ಬಾಯಿ ಮುಕ್ಕಳಿಸಿ ಉಗುಳಿದ ವೈನು. ನಮ್ಮ ಗುಡಾಣದ್ದು. ಚಳಿಗಾಲವಿಡೀ ನೆಲದೊಳಗೆ ಮಲಗಿ ಎದ್ದದ್ದು... ಹಲ್ಲುಜ್ಜಿದ ನೀರಿನ ಹಾಗೆ ಉಗುಳಿದರು. ರುಚಿ ನೋಡುವ ಕ್ರಮವೇ ಹಾಗಂತೆ. ನಮ್ಮತ್ತೆ ಬದುಕಿದ್ದರೆ ಪೊರಕೆ ಎತ್ತಿಕೊಳ್ಳುತ್ತಿದ್ದರು.

ಈ ಪ್ರವಾಸಿಗಳಿಗೆ ಬೆಳಿಗ್ಗೆ ಸಿಗ್ನಾಗಿ ಪೇಟೆಯಲ್ಲಿ ಮೂರು ಬಾರು, ಒಂದು ಕೆಫೆ. ಮಧ್ಯಾಹ್ನ ನಮ್ಮ ಮನೆಯಲ್ಲಿ ಪಂಕ್ತಿ. ಸಂಜೆಗೆ ವೈನ್ ಸ್ನಾನ — ತೊಟ್ಟಿಗೆ ವೈನು ತುಂಬಿ ಅದರಲ್ಲಿ ಕೂರುತ್ತಾರಂತೆ. ಗೈಡ್ ಸಲೊಮೆ ಹೇಳಿದಳು. ರಾಜಧಾನಿ ತಿಬಿಲಿಸಿಯ ಹುಡುಗಿ, ವಾರಕ್ಕೆ ಮೂರು ಸಲ ಬಸ್ಸು ತುಂಬಿಸಿಕೊಂಡು ಬರುತ್ತಾಳೆ. ನಮ್ಮ ಮಾತನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳುವವಳೂ ಅವಳೇ.

"ಕೂತೆದ್ದ ಮೇಲೆ ಆ ವೈನ್ ಏನ್ಮಾಡ್ತಾರಮ್ಮ?" ಅಂದೆ.

"ಅದೊಂದು ಕೇಳ್ಬೇಡಿ ಲಾಮಾರಕ್ಕ."

ರಾತ್ರಿ ಊಟ ಮಾಡಲಿಲ್ಲ.

ಗೊಚಾಗೆ ಮಾತ್ರ ಕಾಲು ನೆಲದ ಮೇಲಿಲ್ಲ. "ಅತ್ತಿಗೆ, ಐದಕ್ಕೆ ಐದು ಸ್ಟಾರ್ ಕೊಟ್ಟಿದಾರೆ."

"ಯಾವುದಕ್ಕೆ, ಬಕೆಟ್ಟಿಗಾ?"

ನಕ್ಕ. ಮೈದುನನಿಗೆ ಅವಮಾನ ಮಾಡುವುದೂ ಕಷ್ಟ.

ಮೇ 19

ಇವತ್ತಿನವರು ಖಿಂಕಲಿಯನ್ನು ಚಾಕುವಿನಿಂದ ಕುಯ್ದರು. ಒಳಗಿನ ಸಾರೆಲ್ಲ ತಟ್ಟೆಗೆ ಹರಿಯಿತು. ಕಡುಬನ್ನು ಜುಟ್ಟು ಹಿಡಿದು ಎತ್ತಿ, ಕಚ್ಚಿ, ಹೀರಬೇಕು ಎಂದು ಸಲೊಮೆ ತೋರಿಸಿಕೊಟ್ಟಳು. ನೋಡಿದರು, ಫೋಟೋ ತೆಗೆದರು, ಮತ್ತೆ ಕುಯ್ದರು.

ಅದು ಹೋಗಲಿ.

ಗೊಚಾ ನಮ್ಮ ಪಂಕ್ತಿಯ ತಮಾದಾ. ಬಟ್ಟಲು ಎತ್ತಿ ಮಾತಾಡುವ ಯಜಮಾನ. ಅವನು ಎತ್ತದೆ ಯಾರೂ ಕುಡಿಯುವ ಹಾಗಿಲ್ಲ. ಮೊದಲು ದೇವರಿಗೆ, ಆಮೇಲೆ ನಾಡಿಗೆ, ಆಮೇಲೆ ಹೋದವರಿಗೆ. ಹೋದವರ ಬಟ್ಟಲಿಗೆ ಎಲ್ಲರೂ ಎದ್ದು ನಿಲ್ಲಬೇಕು, ರೊಟ್ಟಿಯ ಮೇಲೆ ಎರಡು ಹನಿ ಬಿಡಬೇಕು. ಅವನು ಹೋದವರ ಬಟ್ಟಲು ಎತ್ತುವುದು ಅಣ್ಣನ ಹೆಸರಿನಲ್ಲಿ. ನನ್ನ ಗಂಡ ವಾಜಾನ ಹೆಸರಿನಲ್ಲಿ. ವಾರಕ್ಕೆ ಮೂರು ಸಲ ಗಂಟಲು ಕಟ್ಟುತ್ತದೆ, ವಾರಕ್ಕೆ ಮೂರು ಸಲ ಕಣ್ಣು ಒರೆಸಿಕೊಳ್ಳುತ್ತಾನೆ. ಕಾಸು ಹಾಕಿದರೆ ಹಾಡುವ ಪೆಟ್ಟಿಗೆ!

ಮೊದಮೊದಲು "ಚಿಕ್ಕ ವಯಸ್ಸಿಗೇ ಹೋದ" ಅನ್ನುತ್ತಿದ್ದ. ಹೋದ ವರ್ಷದಿಂದ ವಾಜಾ ಯುದ್ಧದಲ್ಲಿ ಸತ್ತ. ಇವತ್ತು ಇನ್ನೂ ಒಂದು ಹೆಜ್ಜೆ ಮುಂದೆ — ಗಾಯಗೊಂಡ ಗೆಳೆಯನಿಗೆ ತನ್ನ ಕೊನೆಯ ಗುಟುಕು ವೈನು ಕುಡಿಸಿ ಸತ್ತನಂತೆ.

ಅಡುಗೆಮನೆಯಲ್ಲಿ ಬದನೆಕಾಯಿಗೆ ಅಕ್ರೋಟಿನ ಚಟ್ನಿ ತುಂಬುತ್ತಿದ್ದೆ. ಕೈ ನಿಂತಿತು. ಹೊರಗೆ ಯಾರೋ ಹೆಂಗಸು ಬಿಕ್ಕಿದಳು.

ವಾಜಾ ಸತ್ತಿದ್ದು ಅಕ್ರೋಟು ಮರದಿಂದ ಬಿದ್ದು.

ಜೂನ್ 8

ಗೊಚಾ ತಿಬಿಲಿಸಿಯ ಹಳೆ ಸಾಮಾನಿನ ಸಂತೆಯಿಂದ ಪದಕ ತಂದಿದ್ದಾನೆ. ವಾಜಾನ ಫೋಟೋ ಪಕ್ಕ ಮೊಳೆ ಹೊಡೆದು ನೇತುಹಾಕಿದ. ಹತ್ತಿರ ಹೋಗಿ ನೋಡಿದೆ. ಸುತ್ತಿಗೆ, ಕುಡುಗೋಲು! ರಷ್ಯನ್ನರ ವಿರುದ್ಧ ಹೋರಾಡಿ ಸತ್ತವನಿಗೆ ಸೋವಿಯತ್ ಪದಕ. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಮರ್ಯಾದೆ ಬೇಡವೆ?

ಇಬ್ಬರು ಅದರ ಪಕ್ಕ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಂಡರು.

ಜೂನ್ 9

ಪಕ್ಕದ ಮನೆ ಶಾಲ್ವಾ ಮಾಮನನ್ನು ಗೊಚಾ ಪಂಕ್ತಿಗೆ ಕರೆದಿದ್ದ. ಬಿಳಿ ಮೀಸೆ ಇದೆಯಲ್ಲ, ಫೋಟೋಗೆ ಚೆನ್ನ. ಹೋದವರ ಬಟ್ಟಲು ಎತ್ತಿದರು, ಮಾಮ ಎದ್ದು ನಿಂತ, ಕೇಳಿದ. ಕುಡಿಯಲಿಲ್ಲ. ಬಟ್ಟಲು ಮೇಜಿನ ಮೇಲಿಟ್ಟು ಅಡುಗೆಮನೆಗೆ ಬಂದ.

"ಲಾಮಾರಾ, ನಾನು ಹೋಗ್ತೀನಮ್ಮ."

"ಯಾಕೆ ಮಾಮ, ಮಾಂಸ ಇನ್ನೂ ಬಂದೇ ಇಲ್ಲ."

"ಇವ್ನು ಹೇಳ್ತಿರೋ ವಾಜಾ ನಂಗೆ ಪರಿಚಯ ಇಲ್ಲ. ನಮ್ಮ ವಾಜಾ ನನ್ನ ಕೋಳಿಗೂಡು ಕಟ್ಟಿಕೊಟ್ಟಿದ್ದ."

ಬಾಗಿಲ ತನಕ ಹೋಗಿ ಬಿಟ್ಟುಬಂದೆ. ನನಗೂ ಹೋಗಬೇಕು ಅನ್ನಿಸಿತು. ಹೋಗುವುದೆಲ್ಲಿಗೆ? ನೆಲಮಾಳಿಗೆ ಅರ್ಧ ಗೊಚಾನದು, ಅರ್ಧ ನಮ್ಮದು. ಬಸ್ಸು ಬಂದರೇ ಒಲೆ ಹತ್ತುವುದು.

ಆಗಸ್ಟ್ 20

ಎರಡು ತಿಂಗಳು ಬರೆದಿಲ್ಲ. ಜುಲೈಯಲ್ಲಿ ದಿನಕ್ಕೆರಡು ಬಸ್ಸು. ಕೈ ಪಾತ್ರೆ ಬಿಟ್ಟರೆ ತಾನೆ.

ಇವತ್ತು ಬರೆಯಲೇಬೇಕು. ಮಗಳು ಎಕಾ ರೊಟ್ಟಿ ಬಡಿಸುತ್ತಿದ್ದಳು. ಹದಿನಾಲ್ಕು ತುಂಬಿದೆ, ಶಾಲೆಯ ಇಂಗ್ಲಿಷು ಚೆನ್ನಾಗಿ ಕಲಿತಿದ್ದಾಳೆ. ಒಬ್ಬಳು ಅವಳನ್ನು ಏನೋ ಕೇಳಿದಳು. ಇವಳು ಉತ್ತರ ಹೇಳುತ್ತ ಹೇಳುತ್ತ ಫೋಟೋ ಕಡೆ ಕೈ ತೋರಿಸಿದಳು. ಆಕೆ ಇವಳನ್ನು ತಬ್ಬಿಕೊಂಡಳು.

ಪಾತ್ರೆ ತೊಳೆಯುವಾಗ ಕೇಳಿದೆ. "ಏನ್ ಹೇಳ್ದೆ ಅವ್ರಿಗೆ?"

"ಅಪ್ಪ ಯೂನಿಫಾರಂ ಹಾಕ್ಕೊಂಡು ಹೊರಟಿದ್ದು ನೆನಪಿದೆ ಅಂದೆ. ಬೂಟಿನ ಸದ್ದು ಕೂಡ."

"ನಿಮ್ಮಪ್ಪ ಯಾವತ್ತೂ ಯೂನಿಫಾರಂ ಹಾಕಿಲ್ಲ ಎಕಾ."

"ಗೊತ್ತಮ್ಮ. ಮರ. ಬಿದ್ರು. ಅಷ್ಟೇ ತಾನೆ? ನೀನು ಹೇಳೋದು ಅಷ್ಟೇ. ಚಿಕ್ಕಪ್ಪ ಹೇಳಿದ್ರೆ ಕಣ್ಣಿಗೆ ಕಟ್ಟತ್ತೆ. ನಂಗೆ ನಿಜವಾಗ್ಲೂ ನೆನಪಾಗತ್ತೆ."

ವಾಜಾ ಹೋದಾಗ ಮೂರು ವರ್ಷದ ಮಗು ಅವಳು. ಸ್ವಂತ ನೆನಪು ಏನಿದ್ದೀತು? ಇದ್ದ ಒಂದಿಷ್ಟು ಜಾಗದಲ್ಲಿ ಆ ಬೂಟಿನವನು ಬಂದು ಕೂತಿದ್ದಾನೆ. ನನ್ನ ಮಗಳು ಯಾರೋ ಊರಿಲ್ಲದವನನ್ನು ಅಪ್ಪ ಅಂದುಕೊಂಡು ದೊಡ್ಡವಳಾಗುತ್ತಿದ್ದಾಳೆ. ಉಗುಳುವ ಬಕೆಟ್ಟಿನ ಅಸಹ್ಯ ಇದರ ಮುಂದೆ ಏನೂ ಅಲ್ಲ.

ಆಗಸ್ಟ್ 22

ಗೊಚಾನನ್ನು ನೆಲಮಾಳಿಗೆಯಲ್ಲಿ ಹಿಡಿದೆ. ಹೂತಿಟ್ಟ ಗುಡಾಣ ತೊಳೆಯಲು ಅದರೊಳಗೆ ಇಳಿದಿದ್ದ, ತಲೆ ಮಾತ್ರ ನೆಲದಿಂದ ಮೇಲೆ. ಅನುಕೂಲವೇ ಆಯಿತು.

"ವಾಜಾನ ಹೆಸರು ಬಿಡು. ಬೇರೆ ಯಾರನ್ನಾದ್ರೂ ಸಾಯ್ಸು."

"ಅತ್ತಿಗೆ, ಅಣ್ಣನ್ನ ದೊಡ್ಡೋನ್ ಮಾಡ್ತಿದೀನಿ ನಾನು. ಅಕ್ರೋಟ್ ಮರದಿಂದ ಬಿದ್ದೋನಿಗೆ ಯಾರ್ ಅಳ್ತಾರೆ ಹೇಳಿ?"

"ನಾನ್ ಅತ್ತಿದ್ದೆ."

ಬ್ರಶ್ಶಿನಿಂದ ಗುಡಾಣದ ಒಳಗೋಡೆ ತಿಕ್ಕಿದ. ಆಮೇಲೆ, "ಹಳೇದನ್ನ ಕೆದಕ್ಬೇಡಿ" ಅಂದ. ಕೆದಕುವವನು ಅವನು, ಬುದ್ಧಿ ನನಗೆ!

ಸೆಪ್ಟೆಂಬರ್ 27

ದ್ರಾಕ್ಷಿ ಕೊಯ್ಲು ಶುರು. ಬೆರಳೆಲ್ಲ ಅಂಟು, ಕಣಜಗಳ ಕಾಟ. ಪ್ರವಾಸಿಗಳೂ ಕೊಯ್ಯುತ್ತಾರೆ — ಕಾಲು ಗಂಟೆ ಕೊಯ್ದು, ಬುಟ್ಟಿ ಹಿಡಿದು ಫೋಟೋ, ಆಮೇಲೆ ನೆರಳು. ದುಡ್ಡು ಕೊಟ್ಟು ಕೂಲಿ ಮಾಡುವವರನ್ನು ಎಲ್ಲಿಯೂ ನೋಡಿರಲಿಲ್ಲ.

ನಾಳೆ ಯಾವುದೋ ಪತ್ರಿಕೆಯವರು ಬರುತ್ತಾರಂತೆ. ಊರೂರಿನ ಬಾರು, ಕೆಫೆ ಹುಡುಕಿ ಬರೆಯುವವರು. ಗೊಚಾ ನನ್ನ ಕರೀ ಬಟ್ಟೆ ಇಸ್ತ್ರಿ ಮಾಡಿಸಿದ. "ನಾಳೆ ನೀವು ಅಡುಗೆಮನೆ ಬಿಟ್ಟು ಈಚೆ ನಿಂತ್ಕೊಳ್ಳಿ ಅತ್ತಿಗೆ. ಮಾತೇನೂ ಬೇಡ. ಸುಮ್ನೆ."

ಇನ್ನು ನನ್ನನ್ನೂ ಗೋಡೆಗೆ ಮೊಳೆ ಹೊಡೆಯುತ್ತಾನೆ.

ಸೆಪ್ಟೆಂಬರ್ 28, ಶನಿವಾರ. ಸಂಜೆ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಿಂತಿದ್ದೆ. ಕರೀ ಬಟ್ಟೆ, ಫೋಟೋ ಪಕ್ಕ. ಗೊಚಾ ಹೋದವರ ಬಟ್ಟಲು ಎತ್ತಿದ. ಎಲ್ಲರೂ ಎದ್ದರು. ಗಾಯಗೊಂಡ ಗೆಳೆಯ, ಕೊನೆಯ ಗುಟುಕು, ಎಲ್ಲ ಬಂತು. ಪತ್ರಿಕೆಯವನು ಬರೆದುಕೊಳ್ಳುತ್ತಲೇ ಇದ್ದ. ಅದನ್ನು ನೋಡಿ ಗೊಚಾಗೆ ತಲೆ ತಿರುಗಿತು. ನನ್ನ ಕಡೆ ತಿರುಗಿ ಬಟ್ಟಲು ಚಾಚಿ ಅಂದ — "ಅಲಾವೆರ್ದಿ, ನನ್ನ ಅಣ್ಣನ ಹೆಂಡತಿ ಲಾಮಾರಾಗೆ."

ಮಾತಿನ ಸರದಿ ದಾಟಿಸಿಬಿಟ್ಟ. ಅಲಾವೆರ್ದಿ ಅಂದ ಮೇಲೆ ಇಲ್ಲ ಅನ್ನುವ ಹಾಗಿಲ್ಲ. ಅದೇ ಬಟ್ಟಲಿನ ಮಾತನ್ನು ನಾನು ಮುಂದುವರಿಸಬೇಕು. ನಾನು ಮುಗಿಸುವ ತನಕ ಯಾರೂ ಕುಡಿಯಬಾರದು, ತಮಾದಾ ಕೂಡ ಬಾಯಿ ಹಾಕಬಾರದು. ನಾನು ಕರವಸ್ತ್ರಕ್ಕೆ ಕಣ್ಣೊತ್ತಿಕೊಂಡು ಸುಮ್ಮನಾಗುತ್ತೇನೆ ಅಂದುಕೊಂಡಿದ್ದ. ಹನ್ನೊಂದು ವರ್ಷ ಹಾಗೇ ಮಾಡಿದ್ದೆನಲ್ಲ.

ಬಟ್ಟಲು ತೆಗೆದುಕೊಂಡೆ. ಎಕಾ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದಳು. ಅವಳನ್ನೇ ನೋಡಿ ಹೇಳಿದೆ.

"ವಾಜಾ ಯುದ್ಧಕ್ಕೆ ಹೋಗ್ಲಿಲ್ಲ. ಎಲ್ಲರ ಹಾಗೆ ಟೀವೀಲಿ ನೋಡ್ದ. ಮುಂದಿನ ತಿಂಗಳು ಅಕ್ರೋಟ್ ಉದುರ್ಸೋಕೆ ಮರ ಹತ್ತಿದ, ಕೊಂಬೆ ಮುರೀತು. ಅವ್ನಿಗೆ ಹಾಡೋಕೆ ಬರ್ತಿರ್ಲಿಲ್ಲ, ಆದ್ರೂ ಹಾಡ್ತಿದ್ದ. ಮಗಳಿಗೆ ಜಡೆ ಹಾಕ್ತಿದ್ದ, ಸೊಟ್ಟಗೆ. ಬಿಚ್ಚಿ ಹಾಕೋಕೆ ಹೋದ್ರೆ ಮಗು ಬಿಡ್ತಿರ್ಲಿಲ್ಲ, ಅಪ್ಪ ಹಾಕಿದ್ದೇ ಬೇಕು. ಅವತ್ತು ನಾನು ತೆಲಾವಿ ಸಂತೆಗೆ ಹೋಗಿದ್ದೆ. ಕಾರಿರ್ಲಿಲ್ಲ ಇಲ್ಲಿ. ಇಗೋ, ನಿಂತಿದಾನಲ್ಲ ನನ್ನ ಮೈದುನ, ಇವ್ನು ಅಣ್ಣನ್ನ ಬೆನ್ನ ಮೇಲೆ ಹಾಕ್ಕೊಂಡು ಹೆದ್ದಾರಿವರೆಗೂ ಹೊತ್ತ. ಬಿದ್ದೋನು ಬಾಯಿ ಬಿಡ್ಲಿಲ್ಲ, ರಸ್ತೆ ಮುಟ್ಟೋ ಹೊತ್ತಿಗೆ ಜೀವಾನೂ ಇರ್ಲಿಲ್ಲ. ಇಷ್ಟು ಬಟ್ಟಲು ಎತ್ತಿದಾನೆ ಇವ್ನು, ಇದೊಂದನ್ನ ಯಾವತ್ತೂ ಹೇಳಿಲ್ಲ. ಇರೋದ್ರಲ್ಲಿ ಹೇಳ್ಬೇಕಾದ್ದು ಇದೊಂದೇ."

ರೊಟ್ಟಿಯ ಮೇಲೆ ಹನಿ ಬಿಟ್ಟೆ. ಕುಡಿದೆ.

ಪತ್ರಿಕೆಯವನು ಸಲೊಮೆಯ ಮುಖ ನೋಡಿದ. ಅವಳು ಗೊಚಾನ ಮುಖ ನೋಡಿದಳು. ಆಮೇಲೆ ನನ್ನ ಅಷ್ಟುದ್ದ ಮಾತಿಗೆ ಇಂಗ್ಲಿಷಿನಲ್ಲಿ ಏನೋ ಚಿಕ್ಕದಾಗಿ ಅಂದಳು. ಎಲ್ಲರೂ ತಲೆದೂಗಿದರು. ಒಬ್ಬಳು ಎದೆಯ ಮೇಲೆ ಕೈ ಇಟ್ಟುಕೊಂಡಳು. ಚಪ್ಪಾಳೆ! ಹೋದವರ ಬಟ್ಟಲಿಗೆ ಚಪ್ಪಾಳೆ...

ಆಗ ಎಕಾ ಬುಟ್ಟಿ ಕೆಳಗಿಟ್ಟಳು. ಇಂಗ್ಲಿಷಿನಲ್ಲಿ ನಿಧಾನಕ್ಕೆ, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಹೇಳಿದಳು. ನನಗೆ ತಿಳಿಯಲಿಲ್ಲ. ನಡುವೆ ಒಂದು ಸಲ ತನ್ನ ಜಡೆ ಎತ್ತಿ ತೋರಿಸಿದಳು. ಆಮೇಲೆ ಗೊಚಾನನ್ನು.

ಚಪ್ಪಾಳೆ ನಿಂತಿತ್ತು.

ಗೊಚಾ ಕೂತುಬಿಟ್ಟ. ಬಟ್ಟಲು ಕುಡಿಯದೆ ತಮಾದಾ ಕೂರುವುದನ್ನು ನಾನು ಈ ವಯಸ್ಸಿನವರೆಗೂ ನೋಡಿಲ್ಲ.

ಸೆಪ್ಟೆಂಬರ್ 30

ಗೊಚಾ ಬಂದಿಲ್ಲ. ಬಸ್ಸು ಬಂತು. ತಮಾದಾ ಇಲ್ಲ ಅಂದೆ. ಸುಮ್ಮನೆ ಊಟ ಬಡಿಸಿದೆ, ತಿಂದು ಹೋದರು. ಸಲೊಮೆ ತಲೆ ಎತ್ತಲಿಲ್ಲ. "ಅವತ್ತು ನಿಮ್ಮ ಮಾತು ಬದಲಾಯ್ಸಿ ಹೇಳಿದ್ದು ತಪ್ಪಾಯ್ತು ಲಾಮಾರಕ್ಕ" ಅಂದಳು. "ಬಕೆಟ್ ಎತ್ಕೊಂಡ್ ಬಾ" ಅಂದೆ. ಅವಳೇ ತೊಳೆದಳು.

ಅಕ್ಟೋಬರ್ 6, ಭಾನುವಾರ. ಸಂಜೆ ಆರು

ಬಸ್ಸಿಲ್ಲ. ಗೊಚಾ ಬಂದ. ನನ್ನ ಜೊತೆ ಮಾತಿಲ್ಲ. ಅಂಗಳದ ಮೇಜಿಗೆ ಹೋಗಿ ಕೂತ. ಎಕಾ ಅವನಿಗೆ ರೊಟ್ಟಿ, ಚೀಸು ಇಟ್ಟು ಎದುರಿಗೆ ಕೂತಿದ್ದಾಳೆ. ಅಡುಗೆಮನೆಯ ಕಿಟಕಿ ತೆಗೆದಿದೆ. ಬೇಡವೆಂದರೂ ಕೇಳುತ್ತದೆ.

"ಚಿಕ್ಕಪ್ಪ, ಅಪ್ಪ ಭಾರ ಇದ್ರಾ?"

ನಾಟಕ ಶುರು ಮಾಡುತ್ತಾನೆ, ಗಂಟಲು ಕಟ್ಟುತ್ತದೆ ಅಂದುಕೊಂಡೆ. ಆದರೆ ಇದು ಅವನ ಪಂಕ್ತಿಯ ದನಿಯಲ್ಲ.

"ಇದ್ದ. ದಾರೀಲಿ ಎರಡು ಸಲ ಇಳಿಸ್ದೆ. ಇಳಿಸ್ದಾಗೆಲ್ಲ ಬೈದ."

"ಬೈದ್ರಾ?"

"ಹ್ಞೂ. ಕತ್ತೆ, ನೆಟ್ಟಗೆ ಹೊರೋಕೂ ಬರಲ್ವೇನೋ ಅಂದ. ಆಮೇಲೆ ನಿಮ್ಮಮ್ಮಂಗೆ ಒಂದು ಮಾತು ಹೇಳು ಅಂದ. ಹೇಳೋಕೆ ನಂಗೆ ಬಾಯೇ ಬರ್ಲಿಲ್ಲ ಕಣೇ. ಹನ್ನೊಂದು ವರ್ಷ..."

ವಾಜಾ ಮಾತಾಡಿದ್ದನೆ? ಬಿದ್ದ ಮೇಲೆ? ಒಂದು ಮಾತೂ ಆಡಲಿಲ್ಲ ಅಂತ ನನಗೆ ಇವನೇ ಹೇಳಿದ್ದನಲ್ಲ... ಪೆನ್ನು ಇಡುತ್ತೇನೆ. ಹೋಗಿ ಕೇಳಬೇಕು, ಏನು ಹೇ—